ಬೀಗದ ಕೈ

ಕಳೆದ ಚೈತ್ರಮಾಸದಲ್ಲಿ ನಾವು ಮನೆಯ ಕಂದಾಯವನ್ನು ಕಟ್ಟಿ, ರಸೀದಿಯನ್ನು ಎಂದಿನಂತೆ ಪಂಚಾಂಗದ ಹಾಳೆಗಳ ನಡುವೆ ಇರಿಸುವುದಕ್ಕೆ ಮೊದಲು, ಕನ್ನಡಕವನ್ನೇರಿಸಿ ಒಮ್ಮೆ ಅದನ್ನು ಆಮೂಲಾಗ್ರವಾಗಿ ಓದಿದೆವು. ಉಪಾಧ್ಯಾಯವೃತ್ತಿಯಲ್ಲಿದ್ದ ಕಾಲದಲ್ಲಿ ನಮಗೆ ಇಷ್ಟು ವ್ಯವಧಾನವಿರಲಿಲ್ಲ. ಮನೆಯ ತೆರಿಗೆಯ ಕೆಳಗೆ ಆರೋಗ್ಯ ಕರ, ಭಿಕ್ಷುಕರ ಕರ, ಗ್ರಂಥಾಲಯ ಕರ ಎಂದು ಸಾಲಾಗಿ ಬರೆದಿದ್ದಿತು. ಭಿಕ್ಷುಕರ ಕರವನ್ನು ಕೊಟ್ಟವನು ತಾನೇ ಭಿಕ್ಷೆಗೆ ಹೊರಡದಿರುವುದು ಭಾಗ್ಯವೇ ಸರಿ. ಆದರೆ ಗ್ರಂಥಾಲಯದ ಕರವನ್ನು ಮೂವತ್ತು ವರ್ಷ ಕೊಟ್ಟವನು, ಅದರಲ್ಲಿಯೂ ಅಕ್ಷರವನ್ನು ನಂಬಿ ಅನ್ನವನ್ನುಂಡವನು, ಆ ಗ್ರಂಥಾಲಯದ ಹೊಸ್ತಿಲನ್ನು ಒಮ್ಮೆಯೂ ದಾಟದಿರುವುದಕ್ಕೆ ಏನೆಂದು ಹೆಸರಿಡಬೇಕು? ಈ ಪ್ರಶ್ನೆಯನ್ನು ನಮಗೆ ಬೇರೆ ಯಾರೂ ಕೇಳಲಿಲ್ಲ, ನಾವೇ ಕೇಳಿಕೊಂಡೆವು. ಉತ್ತರವು ತೋರದ ಕಾರಣ ಮರುದಿನ ಬೆಳಗ್ಗೆ ಸ್ನಾನ ಸಂಧ್ಯಾದಿಗಳನ್ನು ತೀರಿಸಿ, ಉತ್ತರೀಯವನ್ನು ಹೊದ್ದು, ನಮ್ಮ ಕಾನಹೊಸಹಳ್ಳಿಯ ಗ್ರಂಥಾಲಯದ ಕಡೆಗೆ ನಡೆದೆವು.

ವಾಚಕರಲ್ಲಿ ಅನೇಕರು ನಮ್ಮಂತೆಯೇ ಈ ಕರವನ್ನು ಕೊಟ್ಟು ಮರೆತವರಾಗಿರಬಹುದಾದುದರಿಂದ ಅದರ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ತಿಳಿಸುವುದು ಉಚಿತವಾಗಿದೆ. ತೆರಿಗೆಯ ಪ್ರತಿಯೊಂದು ರೂಪಾಯಿಗೆ ಆರು ಪೈಸೆಯಂತೆ ಇದನ್ನು ಸೇರಿಸುವರು. ಎಂದರೆ ಸಾವಿರ ರೂಪಾಯಿ ಕಟ್ಟುವ ಗೃಹಸ್ಥನಿಂದ ಅರವತ್ತು ರೂಪಾಯಿಗಳು ಪುಸ್ತಕಗಳ ಹೆಸರಿನಲ್ಲಿ ಸಲ್ಲುತ್ತವೆ. ಇದಕ್ಕೆ ಆಧಾರವಾದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಅಂದಿನ ಮೈಸೂರು ರಾಜ್ಯದಲ್ಲಿ 1965ರಲ್ಲಿ ಹುಟ್ಟಿತು. ನಾವು ಹುಟ್ಟಿದುದೂ ಅದೇ ವರ್ಷವಾದುದರಿಂದ ಕಾಯಿದೆಗೂ ನಮಗೂ ಒಂದೇ ಪ್ರಾಯ. ಅದಕ್ಕೂ ಹಿಂದೆ ನಮ್ಮ ಸೀಮೆಯು ಬಳ್ಳಾರಿ ಜಿಲ್ಲೆಯೊಡನೆ ಮದರಾಸಿಗೆ ಸೇರಿದ್ದು, 1953ನೆಯ ಅಕ್ಟೋಬರ್ 1ರಂದು ಮೈಸೂರಿಗೆ ಬಂದಿತು. ಸ್ವತಂತ್ರ ಭಾರತದಲ್ಲಿ ಗ್ರಂಥಾಲಯಗಳಿಗೆಂದು ಮೊಟ್ಟಮೊದಲು ಕಾಯಿದೆಯಾದುದು 1948ರಲ್ಲಿ, ಅದೇ ಮದರಾಸಿನಲ್ಲಿ. ಅದರ ಹಿಂದೆ ನಿಂತು ದುಡಿದ ಮಹನೀಯರು ಎಸ್. ಆರ್. ರಂಗನಾಥನ್ ಅವರು. ಅವರೂ ಮೊದಲು ಉಪಾಧ್ಯಾಯರೇ. ಮಂಗಳೂರಿನ ಕಾಲೇಜಿನಲ್ಲಿಯೂ ಗಣಿತವನ್ನು ಬೋಧಿಸಿದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಕಡೆಗಾಲವನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ದಿವಂಗತರಾದರು. ಗ್ರಂಥಾಲಯಗಳಿಗೆ ಐದು ಸೂತ್ರಗಳನ್ನು ಅವರು 1931ರಲ್ಲಿ ಪ್ರಕಟಿಸಿದರು. ಪುಸ್ತಕದ ಸಾರ್ಥಕ್ಯವು ಅದರ ಉಪಯೋಗದಲ್ಲಿದೆಯೇ ಹೊರತು ಅದರ ರಕ್ಷಣೆಯಲ್ಲಿಲ್ಲವೆಂಬುದೇ ಮೊದಲನೆಯ ಸೂತ್ರದ ತಾತ್ಪರ್ಯ. ಅದೇ ವರ್ಷ ಮನ್ನಾರ್ಗುಡಿಯ ಸೀಮೆಯಲ್ಲಿ ಎತ್ತಿನ ಬಂಡಿಯೊಳಗೆ ಪುಸ್ತಕಗಳನ್ನು ತುಂಬಿ ಹಳ್ಳಿಹಳ್ಳಿಗೆ ಒಯ್ಯುವ ಏರ್ಪಾಡೂ ಮೊದಲಾಯಿತು. ಬಾಯಾರಿದವನು ಬಾವಿಗೆ ಹೋಗಬೇಕೆಂಬುದು ಲೋಕರೂಢಿ. ಬಾವಿಯೇ ಬಂಡಿಯನ್ನೇರಿ ಬಾಯಾರಿದವನ ಬಾಗಿಲಿಗೆ ಹೋದುದು ಆ ವರ್ಷದ ವಿಶೇಷ.

ನಮ್ಮೂರಿನ ಗ್ರಂಥಾಲಯವು ದೊಡ್ಡ ಕಟ್ಟಡವಲ್ಲ. ಮೇಜಿನ ಸುತ್ತ ಏಳೆಂಟು ಮಂದಿ ವೃತ್ತಪತ್ರಿಕೆಗಳನ್ನು ಹಂಚಿಕೊಂಡು ಓದುತ್ತಿದ್ದರು. ಒಬ್ಬರು ಮುಗಿಸಿದ ಹಾಳೆಯು ಮತ್ತೊಬ್ಬರಿಗೆ, ಅವರು ಮುಗಿಸಿದುದು ಮೂರನೆಯವರಿಗೆ. ಮೂಲೆಯಲ್ಲಿ ನಾಲ್ವರು ತರುಣರು ಸರ್ಕಾರಿ ನೌಕರಿಯ ಪರೀಕ್ಷೆಗಳಿಗಾಗಿ ದಪ್ಪ ಪುಸ್ತಕಗಳಿಂದ ಟಿಪ್ಪಣಿಗಳನ್ನು ಬರೆದುಕೊಳ್ಳುತ್ತಿದ್ದರು. ಅಂತಹ ಪುಸ್ತಕವೊಂದನ್ನು ಕೊಳ್ಳಬೇಕಾದರೆ ಕೂಲಿಯವನ ಮಗನಿಗೆ ತಂದೆಯ ಎರಡು ದಿನಗಳ ಕೂಲಿಯಾದರೂ ಬೇಕು. ವೃದ್ಧೆಯೊಬ್ಬಳು ಪಿಂಚಣಿಯ ಕಾಗದವನ್ನು ತಂದು ಮೇಲ್ವಿಚಾರಕನಿಂದ ಓದಿಸಿಕೊಂಡು ಹೋದಳು. ಕಿಟಕಿಯ ಕೆಳಗೆ ಹತ್ತು ವರ್ಷದ ಹುಡುಗನೊಬ್ಬನು ನೆಲದ ಮೇಲೆ ಬೋರಲಾಗಿ ಮಲಗಿ, ಗದ್ದವನ್ನು ಎರಡು ಅಂಗೈಗಳ ಮೇಲಿರಿಸಿ ಓದುತ್ತಿದ್ದನು. ನಾವು ಒಳಗೆ ಬಂದುದನ್ನು ಎಲ್ಲರೂ ಕಂಡು ಎದ್ದುನಿಂತರು. ಅವನೊಬ್ಬನು ಮಾತ್ರ ಕಾಣಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನಮಗೆ ನಮ್ಮನ್ನು ಅಷ್ಟು ಸಂಪೂರ್ಣವಾಗಿ ಮರೆತ ವಿದ್ಯಾರ್ಥಿಯನ್ನು ಕಂಡು ಸಂತೋಷವಾದುದು ಅದೇ ಮೊದಲು.

ಮೇಲ್ವಿಚಾರಕನು ವಿನಯಶೀಲನಾದ ತರುಣ. ಹಳ್ಳಿಗಳ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದುದನ್ನೂ, 2020ರಲ್ಲಿ ಮೊದಲಾದ ‘ಓದುವ ಬೆಳಕು’ ಎಂಬ ಯೋಜನೆಯಂತೆ ಆರರಿಂದ ಹದಿನೆಂಟು ವಯಸ್ಸಿನ ಮಕ್ಕಳಿಗೆ ಸದಸ್ಯತ್ವವು ಉಚಿತವೆಂಬುದನ್ನೂ, ಈಗ ಇವುಗಳಿಗೆ ‘ಅರಿವು ಕೇಂದ್ರ’ವೆಂದು ಹೆಸರಾಗಿರುವುದನ್ನೂ ಆತನಿಂದ ತಿಳಿದೆವು. ರಾಜ್ಯದಲ್ಲಿ ಇಂತಹವು ಐದು ಸಾವಿರಕ್ಕೂ ಮಿಕ್ಕಿ ಇವೆ. ಕಪಾಟಿನಲ್ಲಿ ಕೆಲವು ಪುಸ್ತಕಗಳ ಮೂಲೆಗಳು ಮಡಿಸಿ, ಬೆನ್ನುಗಳು ಹರಿದು, ಅಂಟುಕಾಗದದ ಪಟ್ಟಿಗಳನ್ನು ಹೊತ್ತು ನಿಂತಿದ್ದುವು. ನಾವು ಗುರುತನದ ಗತ್ತಿನಿಂದ, “ಏನಪ್ಪಾ, ಇವುಗಳನ್ನು ಇಷ್ಟು ಕೆಡಿಸಿರುವರಲ್ಲ?” ಎಂದು ಕೇಳಿದೆವು. ಆತನು ನಕ್ಕು, “ಮೇಷ್ಟ್ರೇ, ಅವು ಕೆಟ್ಟಿದ್ದಲ್ಲ, ದುಡಿದಿದ್ದು. ಹೊಸದಾಗೇ ಉಳಿದದ್ದನ್ನು ಕಂಡರೇ ನನಗೆ ಬೇಜಾರು” ಎಂದನು. ಆಗ ನಾವು ಸುಮ್ಮನಾದೆವು. ಏಕೆಂಬುದನ್ನು ಮುಂದೆ ಹೇಳುವೆವು.

ಆ ಒಂದು ಭೇಟಿಯಿಂದ ನಮಗೆ ಹೊಸ ಚಪಲವೊಂದು ಹತ್ತಿತು. ಮದುವೆಗೋ ಮುಂಜಿಗೋ ಬಂಧುದರ್ಶನಕ್ಕೋ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳಿಗೆ ಹೋದಾಗಲೆಲ್ಲ ಊಟವಾದೊಡನೆ ಅಲ್ಲಿಯ ಗ್ರಂಥಾಲಯವನ್ನು ವಿಚಾರಿಸತೊಡಗಿದೆವು. ಕೊಟ್ಟೂರಿಗೆ ಬಸವೇಶ್ವರನ ದರ್ಶನಕ್ಕೆ ಹೋದಾಗ, ಆ ಊರಿನಲ್ಲಿಯೇ ಹುಟ್ಟಿ, ಉಪಾಧ್ಯಾಯರಾಗಿದ್ದುಕೊಂಡೇ ಬರೆದು, ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕುಂ. ವೀರಭದ್ರಪ್ಪನವರನ್ನು ನೆನೆದೆವು. ಹರಪನಹಳ್ಳಿಗೆ ಹೋದಾಗ ನೆನಪಾದವರು 1913ರಲ್ಲಿ ಅಲ್ಲಿ ಜನಿಸಿದ ರಾಯಸಂ ಭೀಮಸೇನರಾಯರು, ಎಂದರೆ ನಮ್ಮೆಲ್ಲರನ್ನೂ ನಗಿಸಿದ ‘ಬೀಚಿ’ಯವರು. ಕನ್ನಡದಲ್ಲಿ ಅಷ್ಟೊಂದು ಆದರವಿಲ್ಲದಿದ್ದ ಅವರು ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ವನ್ನು ಓದಿದ ಮೇಲೆ ಕನ್ನಡದ ಕಡೆಗೆ ತಿರುಗಿದರೆಂಬುದು ಪ್ರಸಿದ್ಧವಾಗಿದೆ. ಒಂದು ಪುಸ್ತಕವು ತಕ್ಕ ಹೊತ್ತಿನಲ್ಲಿ ತಕ್ಕ ಕೈಗೆ ಬಿದ್ದುದರ ಫಲವಿದು. ಆ ಹೊತ್ತಿನಲ್ಲಿ ಅದು ಸಿಕ್ಕದೆ ಹೋಗಿದ್ದರೆ ನಷ್ಟವಾದುದು ಏನೆಂಬುದೂ ನಮಗೆ ತಿಳಿಯುತ್ತಿರಲಿಲ್ಲ.

ಎಲ್ಲಾ ಕಡೆಯೂ ಒಂದೇ ವಿಧವೆಂದು ಹೇಳಲಾರೆವು. ಒಂದು ಊರಿನಲ್ಲಿ, ಅದರ ಹೆಸರು ಇಲ್ಲಿ ಬೇಡ, ಗಾಜಿನ ಕಪಾಟಿನೊಳಗೆ ಹೊಚ್ಚಹೊಸ ಪುಸ್ತಕಗಳು ಮದುವಣಗಿತ್ತಿಯರಂತೆ ನಿಂತಿದ್ದುವು. ಕಪಾಟಿಗೆ ಹಿತ್ತಾಳೆಯ ಬೀಗ ಬಿದ್ದಿದ್ದಿತು. “ತೆಗೆದು ನೋಡಬಹುದೇ?” ಎಂದು ಕೇಳಿದೆವು. “ಕಳೆದರೆ ಯಾರು ಹೊಣೆ, ಸ್ವಾಮೀ?” ಎಂಬ ಉತ್ತರ ಬಂದಿತು. ಕೋಪದಿಂದ ಹೊರಗೆ ಬಂದು ಬಸ್ಸಿನಲ್ಲಿ ಕುಳಿತೆವು. ಆದರೆ ಬಸ್ಸು ಊರನ್ನು ಬಿಡುವಷ್ಟರಲ್ಲಿ ಕೋಪವು ಇಳಿದು ನಾಚಿಕೆಯು ಏರಿತು. ಏಕೆಂದರೆ ಆ ಮಾತು ನಮ್ಮದೇ ಮಾತಾಗಿದ್ದಿತು.

ಇದನ್ನು ಇದುವರೆಗೆ ಮನೆಯವರಲ್ಲಿಯೂ ಹೇಳಿದವರಲ್ಲ. ನಾವು ಸಂಸ್ಕೃತ ಪಂಡಿತರಾಗಿದ್ದ ಪ್ರೌಢಶಾಲೆಯಲ್ಲಿ ಪುಸ್ತಕಭಂಡಾರದ ಹೊಣೆಯೂ ನಮ್ಮದೇ ಆಗಿದ್ದಿತು. ಮೊದಲ ವರ್ಷದಲ್ಲಿಯೇ ಒಂದು ನಿಘಂಟು ಕಳೆದುಹೋಗಿ ಅದರ ಬೆಲೆಯನ್ನು ನಾವು ಕೈಯಿಂದ ತೆರಬೇಕಾಯಿತು. ಪರರ ಕೈಸೇರಿದ ಪುಸ್ತಕವು ಹೋದಂತೆಯೇ ಎಂಬ ಅರ್ಥದ ಸುಭಾಷಿತವನ್ನು ಗುರುಮುಖದಿಂದ ಕಲಿತಿದ್ದ ನಮಗೆ ಅಂದಿನಿಂದ ಅದೇ ವೇದವಾಕ್ಯವಾಯಿತು. ಎರಡು ಕಪಾಟುಗಳಿಗೂ ಬೀಗವನ್ನು ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡೆವು. ಮಕ್ಕಳು ಬಂದು ಕೇಳಿದರೆ “ಪರೀಕ್ಷೆ ಮುಗಿಯಲಿ” ಎನ್ನುತ್ತಿದ್ದೆವು. ಪರೀಕ್ಷೆ ಮುಗಿದೊಡನೆ ರಜ. ನಿವೃತ್ತರಾದ ದಿನ 412 ಪುಸ್ತಕಗಳನ್ನು ಎಣಿಸಿ ಒಪ್ಪಿಸಿದೆವು. ಒಂದೂ ಕಡಿಮೆಯಿರಲಿಲ್ಲ. ಬೀಳ್ಕೊಡುಗೆಯ ಸಭೆಯಲ್ಲಿ ಇದಕ್ಕಾಗಿ ನಮ್ಮನ್ನು ಹೊಗಳಿ ಶಾಲು ಹೊದಿಸಿದರು. ಕೆಳಗಣ ಸಾಲಿನ ಪುಸ್ತಕಗಳನ್ನು ಮುಟ್ಟಿದರೆ ಹೊದಿಕೆ ಮಾತ್ರ ಕೈಗೆ ಬಂದು ಒಳಗಿನಿಂದ ಮಣ್ಣು ಉದುರಿದುದನ್ನು ಯಾರೂ ಸಭೆಯಲ್ಲಿ ಎತ್ತಲಿಲ್ಲ. ಆ ಸಾಲನ್ನು ಗೆದ್ದಲು ಓದಿ ಮುಗಿಸಿದ್ದಿತು. ಮಕ್ಕಳಿಗೆ ಇಲ್ಲವೆಂದುದನ್ನು ಅದಕ್ಕೆ ನಿರಾತಂಕವಾಗಿ ಕೊಟ್ಟಿದ್ದೆವು.

ಕೆಲವು ದಿನಗಳಾದ ಮೇಲೆ ಸಾಯಂಕಾಲ ನಮ್ಮೂರ ಗ್ರಂಥಾಲಯದಲ್ಲಿ ಕುಳಿತಿದ್ದಾಗ, ಆ ಬೋರಲು ಮಲಗುವ ಹುಡುಗನನ್ನು ಕರೆದೊಯ್ಯಲು ಅವನ ತಾಯಿಯು ಹೊಲದ ಕೆಲಸದಿಂದ ನೇರವಾಗಿ ಬಂದಳು. ನಮ್ಮನ್ನು ಕಂಡು ಸೆರಗನ್ನು ಸರಿಪಡಿಸಿಕೊಂಡು, “ನಮಸ್ಕಾರ ಮೇಷ್ಟ್ರೇ. ನನ್ನ ಗುರ್ತು ಸಿಗಲಿಲ್ಲೇನ್ರಿ?” ಎಂದಳು. ಸಿಗಲಿಲ್ಲವೆಂದು ಒಪ್ಪಿಕೊಂಡೆವು.

“ಒಂಬತ್ತನೇ ಕ್ಲಾಸಿನಾಗ ನಿಮ್ಮ ಹತ್ರ ಕಥೆ ಪುಸ್ತಕ ಕೇಳಿದ್ದೆ. ಪರೀಕ್ಷೆ ಮುಗೀಲಿ ಅಂದಿದ್ರಿ. ಆ ವರ್ಷ ಮಳೆ ಹೋತು, ಮನೆಯವರೆಲ್ಲಾ ಗುಳೆ ಹೋದಿವಿ. ಪರೀಕ್ಷೆ ಬರೀಲೇ ಇಲ್ಲ.”

ಅವಳ ಮಾತಿನಲ್ಲಿ ದೂರಿನ ಲೇಶವೂ ಇರಲಿಲ್ಲ. ಹಳೆಯ ಸಂಗತಿಯೊಂದನ್ನು ನೆನೆದು ನಗುವವರ ಧಾಟಿಯಲ್ಲಿಯೇ ಹೇಳಿದಳು. ಮಗನ ಕೈಯಲ್ಲಿದ್ದ ಪುಸ್ತಕವನ್ನು ತೋರಿಸಿ, “ಈಗ ಇವನು ದಿನಾ ಒಂದು ತರ್ತಾನ್ರಿ. ಇವನು ಮಲಗಿದ ಮೇಲೆ ನಾನೂ ಓದ್ತೀನಿ” ಎಂದಳು. ನಾವು ಏನನ್ನೋ ಹೇಳಬೇಕೆಂದು ಬಾಯಿ ತೆರೆದೆವು, ಮಾತು ಹೊರಡಲಿಲ್ಲ. ಶಾಲು ಹೊದಿಸಿದ ದಿನ ನಮಗೆ ದೊರೆತ ಹೊಗಳಿಕೆಯನ್ನು ಅಂದು ಅವಳ ಮುಂದೆ ಹಿಂದಕ್ಕೆ ಕೊಡಲು ಸಾಧ್ಯವಾಗಿದ್ದರೆ ಕೊಟ್ಟುಬಿಡುತ್ತಿದ್ದೆವು.

ಆ ರಾತ್ರಿ ನಮ್ಮ ಮನೆಯ ಪೆಟ್ಟಿಗೆಯನ್ನು ತೆರೆದು, ಏಳನೆಯ ತರಗತಿಯಲ್ಲಿ ನಮಗೆ ಬಹುಮಾನವಾಗಿ ಬಂದಿದ್ದ ಪಂಚತಂತ್ರದ ಕನ್ನಡ ಕಥೆಗಳ ಚಿತ್ರಪುಸ್ತಕವನ್ನು ಹೊರಕ್ಕೆ ತೆಗೆದೆವು. ಮಕ್ಕಳಿಗೂ ಮೊಮ್ಮಕ್ಕಳಿಗೂ ಅದನ್ನು ನಮ್ಮ ಎದುರಿನಲ್ಲಿಯೇ ತೋರಿಸಿ ಒಳಗೆ ಇಡುತ್ತಿದ್ದೆವು. ಮರುದಿನ ಅದನ್ನು ಒಯ್ದು ಹುಡುಗನ ಮುಂದಿಟ್ಟೆವು. ಪುಟಗಳನ್ನು ತಿರುವಿ ಅವನು, “ತಾತ, ಇದನ್ನ ಮನೆಗೆ ಒಯ್ಯಬಹುದಾ?” ಎಂದು ಕೇಳಿದನು. ಪ್ರಶ್ನೆಯು ಮೂವತ್ತು ವರ್ಷಗಳಿಂದ ನಾವು ಕೇಳಿದುದೇ. ನಾಲಗೆಯ ತುದಿಗೆ ಹಳೆಯ ಉತ್ತರವೂ ಬಂದಿತು. ಅದನ್ನು ನುಂಗಿ, “ಒಯ್ಯಪ್ಪಾ” ಎಂದೆವು. ಆ ವಾರವೆಲ್ಲ ನಮಗೆ ನಿದ್ದೆಯು ಸರಿಯಾಗಿ ಬರಲಿಲ್ಲವೆಂಬುದನ್ನೂ ಮುಚ್ಚಿಡುವುದಿಲ್ಲ. ಜೀರ್ಣವಾದ ಅಭ್ಯಾಸವು ಒಂದು ದಿನದಲ್ಲಿ ಬಿಟ್ಟುಹೋಗದು. ಎಂಟನೆಯ ದಿನ ಪುಸ್ತಕವು ಮರಳಿ ಬಂದಿತು. ಒಂದು ಪುಟದಲ್ಲಿ ಅರಿಸಿನದ ಬೆರಳಿನ ಗುರುತಿದ್ದಿತು. ಅದು ಹುಡುಗನ ಬೆರಳಿಗಿಂತ ದೊಡ್ಡದು. ಅದನ್ನು ಒರಸಿ ತೆಗೆಯಲು ನಮಗೆ ಮನಸ್ಸು ಬರಲಿಲ್ಲ. ಈಗ ಆ ಪುಸ್ತಕವು ಗ್ರಂಥಾಲಯದ ಕಪಾಟಿನಲ್ಲಿ, ಅಲ್ಲಿಯ ಮುದ್ರೆಯನ್ನು ಹೊತ್ತು ನಿಂತಿದೆ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ಕರವನ್ನು ಹೇಗೂ ಕೊಟ್ಟಿರುವಿರಿ. ಒಮ್ಮೆ ಹೋಗಿ ಹೊಸ್ತಿಲನ್ನು ದಾಟಿರಿ. ಮನೆಯ ಮಕ್ಕಳ ಹೆಸರನ್ನು ಬರೆಯಿಸಿರಿ. ಗೃಹಿಣಿಯರಿಗೆ ಅಲ್ಲಿಯವರೆಗೆ ಹೋಗಲು ಸಮಯವಿಲ್ಲದಿದ್ದರೆ ಮಕ್ಕಳ ಕೈಯಲ್ಲಿ ತರಿಸಿಕೊಳ್ಳಲಿ. ಬೇಕಾದ ಪುಸ್ತಕವಿಲ್ಲದಿದ್ದರೆ ಗೊಣಗಿ ಹಿಂದಿರುಗದೆ ಕೇಳಿರಿ. ಕೇಳುವವರಿಲ್ಲದ ಕಡೆ ಕೊಳ್ಳುವವರೂ ಇರುವುದಿಲ್ಲ. ಬಾಗಿಲು ತೆರೆಯುವ ವೇಳೆಯನ್ನೂ ಕರದ ಹಣವು ಸಲ್ಲುವ ಬಗೆಯನ್ನೂ ಗ್ರಾಮಸಭೆಯಲ್ಲಿ ಮರ್ಯಾದೆಯಿಂದ ವಿಚಾರಿಸಿರಿ. ದಾನ ಮಾಡುವುದಾದರೆ ಗೆದ್ದಲು ತಿಂದುದನ್ನಲ್ಲ, ಕೊಡಲು ಮನಸ್ಸು ಬಾರದ ಒಂದನ್ನು ಕೊಡಿರಿ. 2020ರಿಂದ ಸರ್ಕಾರದ ಡಿಜಿಟಲ್ ಗ್ರಂಥಾಲಯವೂ ಇದ್ದು ಮೊಬೈಲಿನಲ್ಲಿಯೇ ಪುಸ್ತಕಗಳನ್ನು ಓದಬಹುದಾಗಿದೆ, ಅದೂ ಒಳ್ಳೆಯದೇ. ಆದರೆ ನೆಲದ ಮೇಲೆ ಬೋರಲಾಗಿ ಮಲಗುವಷ್ಟು ಜಾಗವನ್ನು ಅದು ಕೊಡಲಾರದು.

ಸುಭಾಷಿತಕಾರನ ಮೇಲೆ ನಮಗೆ ಈಗಲೂ ಗೌರವವಿದೆ. ಓಲೆಗರಿಯಲ್ಲಿ ಒಂದೊಂದಕ್ಷರವನ್ನೂ ಕೈಯಿಂದ ಕೊರೆಯುತ್ತಿದ್ದ ಕಾಲದಲ್ಲಿ ಅವನ ಎಚ್ಚರಿಕೆಯು ತಕ್ಕುದೇ ಆಗಿದ್ದಿತು. ನಮ್ಮ ಜನಿವಾರದಲ್ಲಿ ಈಗ ಬೀಗದ ಕೈಯಿಲ್ಲ. ಮೊದಮೊದಲು ಎದೆಯು ಬರಿದಾದಂತೆ ತೋರುತ್ತಿದ್ದಿತು; ಈಗ ಹಗುರವಾಗಿದೆ.