ಶಿರಿಯ ಬಯಲಿನ ಕಾಣದ ಹಕ್ಕಿ

ಮಂಗಳೂರಿನಿಂದ ಸಂಜೆಯ ರೈಲು ಹತ್ತಿ ಕುಂಬಳೆಯಲ್ಲಿ ಇಳಿದಾಗ ಆಟಿಯ ಮಳೆ ಧೋ ಎಂದು ಸುರಿಯುತ್ತಿತ್ತು. ಸೋದರಮಾವನ ಮನೆ ಇರುವುದು ಶಿರಿಯ ಹೊಳೆಯ ಕಡೆಯ ಬಯಲಿಗೆ ತಾಗಿಯೇ. ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಕಂಡ ಗದ್ದೆಗಳಲ್ಲಿ ಕೆಲವು ಈಗ ಪಾಳುಬಿದ್ದಿವೆ. ನೀರು ನಿಂತಲ್ಲೆಲ್ಲ ಆಳೆತ್ತರದ ಜೊಂಡು.

ಊಟ ಮುಗಿಸಿ ಜಗಲಿಗೆ ಬಂದಾಗ ಮಳೆ ಬಿಟ್ಟಿತ್ತು. ಜೊಂಡಿನ ಒಳಗಿಂದ ಕೊಕ್, ಕೊಕ್, ಕೊಕ್ ಎಂಬ ಸದ್ದು ಎದ್ದಿತು. ಹತ್ತು ಹನ್ನೆರಡು ಸಲ ಆದ ಮೇಲೆ ಸ್ವರ ತಗ್ಗಿ, ಖಾಲಿ ಹಂಡೆಯೊಳಗೆ ಗುದ್ದಿದ ಹಾಗೆ ಉಟುಂಬ್, ಉಟುಂಬ್ ಎಂದಿತು. ಕೊನೆಗೆ ಅವಸರದ ಕ್ಲುಕ್, ಕ್ಲುಕ್. ಮತ್ತೆ ಮೌನ.

"ಹುಂಡುಕೋಳಿಯಾ ಮಾವ?"

"ಅಲ್ಲ ಮಾರಾಯ. ಹುಂಡುಕೋಳಿ ಬಾವಿಕಟ್ಟೆವರೆಗೂ ಬರ್ತದೆ. ಇದನ್ನು ಪ್ರತಿ ಮಳೆಗಾಲ ಕೇಳಿದ್ದೇನೆ, ಕಂಡದ್ದಿಲ್ಲ."

ಮಾವನ ಮಾತು ಸರಿ. ಹುಂಡುಕೋಳಿಯದು ಒರಟು ಗದ್ದಲ, ಕ್ವಾಕ್ ಕ್ವಾಕ್ ಎಂದು ನಿಮಿಷಗಟ್ಟಲೆ ಎಡೆಬಿಡದೆ ನಡೆಯುತ್ತದೆ. ಗೋಂಕರುಕಪ್ಪೆಯಾದರೆ ಒಂದರ ಹಿಂದೆ ಹತ್ತು ದನಿಗೂಡಿಸುತ್ತವೆ. ಇಲ್ಲಿ ಒಂದೇ ಗಂಟಲು, ಮೂರು ಮೆಟ್ಟಿಲು, ಪ್ರತಿ ಸಲವೂ ಅದೇ ಕ್ರಮ. ಸ್ವರ ಎಷ್ಟು ದಪ್ಪ ಎನ್ನುವುದಕ್ಕಿಂತ ಈ ಕ್ರಮವೇ ಗುರುತು ಎಂದು ನನಗೆ ಅನ್ನಿಸಿತು. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, 2005ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾದ ಕ್ಸೆನೋ-ಕಾಂಟೋ ಎಂಬ ಹಕ್ಕಿದನಿಗಳ ಭಂಡಾರದಲ್ಲಿ ಹುಡುಕಿದೆ. ಇಯರ್‌ಫೋನ್ ಹಾಕಿಕೊಂಡೇ ಕೇಳಿದೆ. ಮರಿ ಮಾಡುವ ಕಾಲದಲ್ಲಿ ಹೊರಗೆ ಕೇಳಿಸಿದರೆ, ಎದುರಾಳಿ ಬಂದನೆಂದು ಗಂಡುಹಕ್ಕಿ ಕಂಗೆಡುತ್ತದೆ. ನೋಡುವ ಆಸೆಗೆ ಅಂಥ ಕೆಲಸ ಮಾಡಬಾರದು.

ನಾಲ್ಕನೆಯ ಮುದ್ರಿಕೆಯಲ್ಲಿ ಅದೇ ಕೊಕ್, ಅದೇ ಉಟುಂಬ್. ನೀರುಹುಂಜ! ಇಂಗ್ಲಿಷಿನವರ ವಾಟರ್‌ಕಾಕ್. ಮಳೆಗಾಲದಲ್ಲಿ ಗಂಡು ಕಪ್ಪಾಗಿ, ಹಣೆಯ ಮೇಲೆ ಕೆಂಪು ಫಲಕ ಕೊಂಬಿನಂತೆ ಏಳುತ್ತದೆ. ಮಳೆ ಮುಗಿದ ಮೇಲೆ ಹೆಣ್ಣಿನ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ.

ಬೆಳಗ್ಗೆ ಬೆಳಕು ಹರಿಯುವ ಮೊದಲೇ ಇಬ್ಬರೂ ಹುಣಿಯ ಮೇಲೆ ನಿಂತೆವು. ಇಪ್ಪತ್ತು ಹೆಜ್ಜೆ ಆಚೆ ಜೊಂಡು ಒಮ್ಮೆ ಅಲುಗಿ, ತುದಿಯ ನೀರು ಉದುರಿತು. ಹಕ್ಕಿ ಕಾಣಲಿಲ್ಲ. ಕೆಸರಿನಲ್ಲಿ ಉದ್ದ ಬೆರಳುಗಳ ಹೆಜ್ಜೆ ಇತ್ತು. ಅದು ಹುಂಡುಕೋಳಿಯದೂ ಇರಬಹುದು, ಹಾಗಾಗಿ ಲೆಕ್ಕಕ್ಕೆ ಸೇರಿಸಲಿಲ್ಲ.

"ಗೂಡು ಇದರೊಳಗೇ ಇರ್ತದಾ?" ಮಾವ ಕೇಳಿದರು.

"ಹೌದು ಮಾವ. ಸೆಪ್ಟೆಂಬರ್ ತನಕ."

ಮನೆಗೆ ಬಂದವರೇ, ಆ ವಾರ ಜೊಂಡು ಸವರಲು ಹೇಳಿದ್ದ ಆಳುಗಳಿಗೆ ಫೋನ್ ಮಾಡಿ, ನವರಾತ್ರಿ ಕಳೆದು ಬನ್ನಿ ಎಂದರು.