ನಾಲ್ಕನೆಯ ಪುಸ್ತಕ

ಉರ್ಸುಲಾ ಲೆ ಗ್ವಿನ್ ಬರೆದ 'ಅರ್ಥ್‌ಸೀ' ಮಾಲೆಯ ಮೊದಲ ಮೂರು ಪುಸ್ತಕಗಳು ಬಂದದ್ದು 1968ರಿಂದ 1972ರ ಒಳಗೆ. ಅದು ದ್ವೀಪಗಳ ಲೋಕ. ವಸ್ತುವಿನ ನಿಜನಾಮ ಬಲ್ಲವನೇ ಅಲ್ಲಿ ಮಾಂತ್ರಿಕ. ಆಡು ಕಾಯುವ ಹುಡುಗ ಗೆಡ್ ಮಹಾಮಾಂತ್ರಿಕನಾಗಿ, ಸಾವಿನ ನಾಡಿನಲ್ಲಿ ತನ್ನ ಶಕ್ತಿಯನ್ನೆಲ್ಲ ಕಳೆದು ಬರುವವರೆಗಿನ ಕತೆಯನ್ನು ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅಕ್ಕನಿಗೆ ಹೇಳಿದ್ದೆ. ಗೆಡ್ ಅವಳಿಗೆ ಅಷ್ಟಕ್ಕಷ್ಟೆ. ಗೋರಿಗಳ ಕತ್ತಲಿನಿಂದ ಹೊರಬಂದ ಟೆನಾರ್ "ಮತ್ತೆ ಎಂತ ಆದಳು?" ಎಂಬುದೇ ಪ್ರಶ್ನೆ.

ಉತ್ತರ 1990ರ 'ತೆಹಾನು'ವಿನಲ್ಲಿದೆ. ಟೆನಾರ್ ಈಗ ರೈತನೊಬ್ಬನ ವಿಧವೆ. ಮೈ ಸುಟ್ಟ ಹೆಣ್ಣುಮಗುವೊಂದನ್ನು ಸಾಕುತ್ತಾಳೆ. ಗೆಡ್ ಮತ್ತೆ ಆಡು ಕಾಯುತ್ತಾನೆ. ಸಾಹಸ ಬಯಸಿದ ಓದುಗರಿಗೆ ಇದೇ ನಿರಾಸೆ. ನನ್ನದು ಬೇರೆ. ರಾತ್ರಿ ಬಾಗಿಲಿಗೆ ಬಂದ ಗಂಡಸರು, ತಾನುಂಡ ತಟ್ಟೆ ತೆಗೆಯದ ಬೆಳೆದ ಮಗ, ಇದನ್ನೆಲ್ಲ ಅಕ್ಕ ಕತ್ತಿ ಕೆಳಗಿಟ್ಟು ಕೇಳಿದಳು. (ಅವಳು 32ನೇ ವಯಸ್ಸಿಗೇ ಒಂಟಿಯಾದವಳು.) ಮಂತ್ರವಿಲ್ಲದೆ ಬದುಕುವುದು ಹೇಗೆಂದು ಅಷ್ಟು ತಾಳ್ಮೆಯಿಂದ ವಿಚಾರಿಸಿದ ಪುಸ್ತಕ ಕೊನೆಗೆ ಮಾಡಿದ್ದೇನು? ಕೆಟ್ಟ ಮಾಂತ್ರಿಕನೊಬ್ಬ ಇಬ್ಬರನ್ನೂ ಬಂಡೆಯಂಚಿಗೆ ತಂದಾಗ ಮಗು ಡ್ರ್ಯಾಗನ್ನನ್ನು ಕರೆಯುತ್ತದೆ. ಅದು ಹಾರಿಬಂದು ಅವನನ್ನು ಸುಡುತ್ತದೆ. ಯಕ್ಷಗಾನದಲ್ಲಿ ಬೆಳಗಿನ ಜಾವಕ್ಕೆ ದೇವಿ ಪ್ರತ್ಯಕ್ಷಳಾದ ಹಾಗೆ! ಆಟದಲ್ಲಿ ಅದು ಸರಿ, ರಾತ್ರಿಯಿಡೀ ನಾವು ಕಾಯುವುದೇ ಅದಕ್ಕೆ. ಇಲ್ಲಿ ಯಾರು ಕಾದಿದ್ದರು? ಹಿಂದೆಯೇ ಸೂಚನೆಗಳಿವೆ ಎನ್ನಬಹುದು. ಸೂಚನೆ ಇದ್ದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ.

"ಅದು ಬಾರದಿದ್ದರೆ ಅವಳು ಎಂತ ಮಾಡುತ್ತಿದ್ದಳು?" ಎಂದು ಅಕ್ಕ ಕೇಳಿದಳು. ಪುಸ್ತಕದಲ್ಲಿ ಅದಿಲ್ಲ.

ಅರ್ಥ್‌ಸೀಯ ಕೊನೆಯ ಪುಸ್ತಕ ಎಂದು ಅದರ ಉಪಶೀರ್ಷಿಕೆ. 2001ರಲ್ಲಿ ಇನ್ನೆರಡು ಬಂದವು. ಅವುಗಳ ಕತೆ ಹೇಳೆಂದು ಅಕ್ಕ ಕೇಳಲಿಲ್ಲ.