ಎರಡು ಗುಳಿಗೆಗಳು

ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯಿತೆಂಬ ಮಾತನ್ನು ಕೇಳದ ಮನೆಯಿಲ್ಲ. ಅದು ಏರುವುದೂ ಒಂದು ರೋಗವೆಂಬುದು ನನಗೆ ತಿಳಿದುದು ನಮ್ಮ ಅಣ್ಣನವರಿಂದ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದ ಅವರು, 2001ರಲ್ಲಿ ಗಣಿ ಮುಚ್ಚಿದ ಮೇಲೂ ಊರಿಗಾಮನ್ನು ಬಿಟ್ಟವರಲ್ಲ. ಅರುವತ್ತೈದು ದಾಟಿದಾಗ ಅವರ ಕಾಲ್ಬೆರಳುಗಳು ಕೆಂಪೇರಿ ಉರಿಯತೊಡಗಿದುವು. ರಕ್ತವನ್ನು ಪರೀಕ್ಷಿಸಲಾಗಿ, ಮೈಕ್ರೋಲೀಟರಿಗೆ ನಾಲ್ಕೂವರೆ ಲಕ್ಷದೊಳಗಿರಬೇಕಾದ ಪ್ಲೇಟ್‌ಲೆಟ್ ಕಣಗಳು ಒಂಬತ್ತು ಲಕ್ಷವಾಗಿದ್ದುವು.

ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ತಜ್ಞವೈದ್ಯರನ್ನು ಕಂಡೆವು. ಅಸ್ಥಿಮಜ್ಜೆಯು ಈ ಕಣಗಳನ್ನು ಮಿತಿಮೀರಿ ಹುಟ್ಟಿಸುವುದೇ ರೋಗ. ರಕ್ತವು ಹೆಪ್ಪುಗಟ್ಟಿ ಮಿದುಳಿಗೋ ಹೃದಯಕ್ಕೋ ಅಡ್ಡವಾಗುವುದೇ ಭಯ. ಅರುವತ್ತು ಮೀರಿದವರಿಗೆ ಆ ಭಯ ಹೆಚ್ಚು ಎಂದು ತಿಳಿಸಿ, ಅವರು ಆಸ್ಪಿರಿನ್ನಿನೊಡನೆ ಹೈಡ್ರಾಕ್ಸಿಯೂರಿಯವನ್ನು ಬರೆದುಕೊಟ್ಟರು.

ಅದು ಕ್ಯಾನ್ಸರಿಗೂ ಕೊಡುವ ಔಷಧವೆಂದು ಯಾರೋ ಹೇಳಿದ್ದೇ ತಡ, ಅಣ್ಣನವರು ಗುಳಿಗೆಯನ್ನು ಮುಟ್ಟಲೊಲ್ಲರು. ಅನಾಗ್ರಿಲೈಡ್ ಎಂಬ ಬೇರೊಂದುಂಟು, ಅದೇ ಬೇಕೆಂದು ಹಟ ಹಿಡಿದರು. ನನಗೂ ಅದೇ ಸರಿಯೆಂದು ತೋರಿತು.

ಮರುಭೇಟಿಯಲ್ಲಿ ವೈದ್ಯರು ನಮ್ಮನ್ನು ಗದರಿಸಲಿಲ್ಲ; 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದನ್ನು ವಿವರಿಸಿದರು. ಅಪಾಯ ಹೆಚ್ಚಾಗಿದ್ದ 809 ರೋಗಿಗಳಿಗೆ ಆಸ್ಪಿರಿನ್ನಿನೊಡನೆ ಈ ಎರಡರಲ್ಲೊಂದನ್ನು ಕೊಟ್ಟು ನೋಡಿದರಂತೆ. ಕಣಗಳ ಸಂಖ್ಯೆಯನ್ನು ಎರಡೂ ಸರಿಸಮವಾಗಿ ಹತೋಟಿಗೆ ತಂದುವು. ಆದರೆ ಅನಾಗ್ರಿಲೈಡನ್ನು ಸೇವಿಸಿದವರಲ್ಲಿ ಅಪಧಮನಿಗಳ ಹೆಪ್ಪು, ತೀವ್ರ ರಕ್ತಸ್ರಾವ, ಮಜ್ಜೆ ನಾರುಗಟ್ಟುವಿಕೆ ಇವು ಹೆಚ್ಚಾಗಿ ಕಂಡುವು. ಅಭಿಧಮನಿಗಳ ಹೆಪ್ಪು ಮಾತ್ರ ಕಡಿಮೆ. 2013ರಲ್ಲಿ ಪ್ರಕಟವಾದ, 259 ರೋಗಿಗಳ ಇನ್ನೊಂದು ಪರೀಕ್ಷೆಯಲ್ಲಿ ಅನಾಗ್ರಿಲೈಡು ಹಿಂದೆಬೀಳಲಿಲ್ಲವೆಂಬುದನ್ನೂ ಅವರು ಮರೆಮಾಚಲಿಲ್ಲ. ಮೊದಲನೆಯದು ಒಗ್ಗದವರಿಗೆ ಅದು ಉಪಯುಕ್ತವೇ. ಆದರೆ ತಲೆನೋವು, ಎದೆಬಡಿತಗಳನ್ನು ತರಬಲ್ಲುದು. ಹೈಡ್ರಾಕ್ಸಿಯೂರಿಯವೂ ನಿರ್ದೋಷಿಯಲ್ಲ, ಬಿಳಿಯ ರಕ್ತಕಣಗಳನ್ನೂ ತಗ್ಗಿಸೀತು, ಬಾಯಲ್ಲಿಯೋ ಕಾಲಲ್ಲಿಯೋ ಹುಣ್ಣು ಮಾಡೀತು. ಆದುದರಿಂದ ಆಗಾಗ ರಕ್ತಪರೀಕ್ಷೆ ಅವಶ್ಯ. ಗರ್ಭಿಣಿಯರ ಮಾತು ಬೇರೆ. ಔಷಧ ಬೇಕಾದಲ್ಲಿ ಅವರಿಗೆ ಇಂಟರ್‌ಫೆರಾನ್ ಚುಚ್ಚುಮದ್ದನ್ನು ಕೊಡುವರು.

ಹಿಂದಿರುಗುವಾಗ ಅಣ್ಣನವರು ಮಾತಾಡಲಿಲ್ಲ. ಬಂಗಾರಪೇಟೆ ದಾಟಿ, ಗಣಿಯ ಸಯನೈಡ್ ದಿಬ್ಬಗಳು ಕಾಣತೊಡಗಿದಾಗ ಮೆಲ್ಲನೆ ಹೇಳಿದರು: “ಮೇಲೆ ತಂದ ಕಲ್ಲಿನ ಲೆಕ್ಕ ಒಂದು, ಅದರಿಂದ ಬಂದ ಚಿನ್ನದ ಲೆಕ್ಕ ಇನ್ನೊಂದು. ಇಷ್ಟು ದಿನ ನಾನು ಕಲ್ಲನ್ನೇ ಎಣಿಸುತ್ತಿದ್ದೆ ಕಣಪ್ಪ.”

ಆ ರಾತ್ರಿಯೇ ಗುಳಿಗೆ ನುಂಗಿದರು. ಈಗ ಸಂಖ್ಯೆ ನಾಲ್ಕು ಲಕ್ಷದ ಆಸುಪಾಸಿನಲ್ಲಿರುವುದು. ಆದರೂ ಅವರು ಪರೀಕ್ಷೆ ಮುಗಿಸಿ ಬಂದಾಗ ನಾನು ಮೊದಲು ಕೇಳುವುದು ಅದನ್ನಲ್ಲ. ಕಾಲಿನ ಉರಿ ಹೇಗಿದೆಯೆಂದು, ಬಾಯಿ ಹುಣ್ಣಾಗಿಲ್ಲವಷ್ಟೆ ಎಂದು.